ಯಾವ ಪ್ರಸಂಗ, ಮಾಸ್ಟ್ರೇ?

2019ರ ಅಕ್ಟೋಬರ್, ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರದ ಉಪಚುನಾವಣೆ. ಮಳೆ ಇನ್ನೂ ಪೂರ್ತಿ ಬಿಟ್ಟಿರಲಿಲ್ಲ. ನಮ್ಮ ಮನೆಯಿಂದ ಎರಡು ಗುಡ್ಡೆ ಆಚೆ ಒಬ್ಬರ ಅಂಗಳದಲ್ಲಿ ಟರ್ಪಾಲು ಕಟ್ಟಿ ಕುಟುಂಬ ಯೋಗ, ಅಂದರೆ ಸುತ್ತಲ ಮನೆಯವರನ್ನು ಸೇರಿಸುವ ಪ್ರಚಾರ ಸಭೆ, ಇಟ್ಟಿದ್ದರು. ತೆಂಕಣ ಕಡೆಯ ಹುಡುಗನೊಬ್ಬ ಮಲಯಾಳ ಲಿಪಿಯಲ್ಲಿ ಬರೆದುಕೊಂಡ ಕನ್ನಡವನ್ನು ಬೆಳಗ್ಗಿನಿಂದ ಜೀಪಿನ ಮೈಕಿನಲ್ಲಿ ಓದುತ್ತಾ ಹೋಗಿದ್ದ: "ಇಂದು ಸಂಜೆ ಐದು ಗಂಟೆಗೆ ಪ್ರಿಯ ನಾಯಕರ ಪ್ರಸಂಗ, ಎಲ್ಲರೂ ಬನ್ನಿ." ನಾಲ್ಕೂವರೆಗೇ ನೆರೆಮನೆಯ ಅಜ್ಜಿ ಎಲೆಯಡಿಕೆ ಚೀಲ ಹಿಡಿದು ಎದುರಿನ ಸಾಲಿನಲ್ಲಿ ಕೂತಿದ್ದರು. ನನ್ನನ್ನು ಕಂಡ ಕೂಡಲೇ ಕೇಳಿದರು: "ಯಾವ ಪ್ರಸಂಗ, ಮಾಸ್ಟ್ರೇ? ಈ ಮಳೆಗೆ ಯಾವ ಮೇಳ ಹೊರಟದ್ದು?"

ಮಲಯಾಳದಲ್ಲಿ ಪ್ರಸಂಗ ಎಂದರೆ ಭಾಷಣ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆಯಲ್ಲಿ ಪ್ರಸಂಗ ಎಂದರೆ ಯಕ್ಷಗಾನ ಆಟದ ಪ್ರಸಂಗ, ಬೇರೆ ಅರ್ಥವೇ ಇಲ್ಲ. ಅಜ್ಜಿ ಕೇಳಿದ್ದರಲ್ಲಿ ಕುಚೋದ್ಯ ಇರಲಿಲ್ಲ. ದೀಪಾವಳಿ ಕಳೆಯದೆ ಮೇಳ ತಿರುಗಾಟಕ್ಕೆ ಹೊರಡುವುದಿಲ್ಲ ಎಂಬುದು ಅವರಿಗೆ ಗೊತ್ತಿದ್ದದ್ದರಿಂದಲೇ ಆ ಆಶ್ಚರ್ಯ. "ಆಟ ಅಲ್ಲ ಅಜ್ಜಿ, ಭಾಷಣ" ಎಂದೆ. ಅವರು ಏನೂ ಹೇಳಲಿಲ್ಲ, ಎದ್ದು ಹೋಗಲೂ ಇಲ್ಲ. ಒಂದೂವರೆ ಗಂಟೆ ಆ ಭಾಷಣ ಕೇಳಿ, ನಾನು ಮಾಡಿದ ಕನ್ನಡ ಅನುವಾದವನ್ನೂ ಕೇಳಿ, ಕತ್ತಲಾದ ಮೇಲೆ ಮೊಮ್ಮಗನ ಕೈ ಹಿಡಿದು ಮನೆಗೆ ಹೋದರು.

ನಾನು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಕನ್ನಡ ಮಾಧ್ಯಮದ ಮಾಸ್ಟ್ರು. ಚುನಾವಣಾ ವೇದಿಕೆಯಲ್ಲಿ ಮಲಯಾಳ ನಾಯಕರ ಪಕ್ಕ ನಿಂತು ಅನುವಾದ ಮಾಡಲು ಶುರುಮಾಡಿದ್ದು 1987ರಲ್ಲಿ, ಕೆಲಸಕ್ಕೆ ಸೇರುವ ಮೊದಲು. ನಿವೃತ್ತಿಯಾದ ಮೇಲೆ ಮತ್ತೆ ಹೋಗುತ್ತಿದ್ದೇನೆ. ಯಾವ ಪಕ್ಷದವರು ಕರೆದರೂ ಹೋಗುತ್ತೇನೆ. ಆ ನಾಯಕರು ನಮ್ಮಲ್ಲಿಗೆ ಬಂದು ಹೇಳಿದ್ದು ನಮ್ಮವರಿಗೆ ಸರಿಯಾಗಿ ಮುಟ್ಟಬೇಕು ಎಂಬುದೊಂದೇ ನನ್ನ ಆಸೆ.

ಮುಟ್ಟುವುದು ಸುಲಭವಲ್ಲ. ಎರಡೂ ಭಾಷೆಗಳಲ್ಲಿ ಇರುವ ಸಂಸ್ಕೃತ ಶಬ್ದಗಳೇ ಕಾಲಿಗೆ ತೊಡರುತ್ತವೆ. ಮಲಯಾಳದಲ್ಲಿ ನಮ್ಮನ್ನು 'ಭಾಷಾ ನ್ಯೂನಪಕ್ಷ' ಎನ್ನುತ್ತಾರೆ, ಅಂದರೆ ಭಾಷಾ ಅಲ್ಪಸಂಖ್ಯಾತರು. ನ್ಯೂನ ಎಂಬ ಶಬ್ದ ಕನ್ನಡದ ಕಿವಿಗೆ ಬಿದ್ದರೆ ಕೊರತೆ, ದೋಷ. ಒಬ್ಬ ನಾಯಕರು ಅನುವಾದಕನಿಗೆ ಕಾಯದೆ ತಾವೇ ಕನ್ನಡದಲ್ಲಿ "ನೀವು ನ್ಯೂನ ಜನ, ನಿಮ್ಮ ಕೈ ನಾವು ಬಿಡುವುದಿಲ್ಲ" ಎಂದುಬಿಟ್ಟರು. ಹೇಳುವಾಗ ಅವರ ಕಣ್ಣಲ್ಲಿ ನೀರಿತ್ತು, ನಾನು ಕಂಡಿದ್ದೇನೆ. ಅಂಗಳದಲ್ಲಿ ಕೂತಿದ್ದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇನ್ನೊಬ್ಬರು, "ನಾನು ನಿಮ್ಮ ಜತೆ ಸ್ವಲ್ಪ ಸಂಸಾರ ಮಾಡಲು ಬಂದಿದ್ದೇನೆ" ಎಂದರು. ಮಲಯಾಳದಲ್ಲಿ ಸಂಸಾರ ಎಂದರೆ ಮಾತುಕತೆ. ಸಭೆ ನಕ್ಕಿತು. ಅವರು ಕೆಂಪಾಗಿ ನನ್ನ ಕಡೆ ತಿರುಗಿದರು. ಆ ಹೊತ್ತು ನನಗೆ ಅವರ ಮೇಲೆ ಪ್ರೀತಿಯೇ ಬಂತು. ತಪ್ಪು ಮಾತಾಡಿದವರು ಒಂದು ಹೆಜ್ಜೆ ಇಟ್ಟವರು.

ವ್ಯವಸಾಯ ಇನ್ನೊಂದು. ಮಲಯಾಳದಲ್ಲಿ ಅದು ಕೈಗಾರಿಕೆ, ನಮಗೆ ಬೇಸಾಯ. "ವ್ಯವಸಾಯಕ್ಕೆ ದೊಡ್ಡ ಯೋಜನೆ ತರುತ್ತೇವೆ" ಎಂಬ ಕನ್ನಡ ನೋಟೀಸು ಓದಿ ಅಡಿಕೆ ತೋಟದವರು ಕೊಳೆರೋಗಕ್ಕೆ ಸಹಾಯಧನ ಬರುತ್ತದೆ ಎಂದು ನನ್ನಲ್ಲಿ ವಿಚಾರಿಸಲು ಬಂದಿದ್ದರು. ಅವರಿಗೆ ನಿಜ ಹೇಳುವ ಕೆಲಸ ನನ್ನ ಪಾಲಿಗೆ ಬಂತು.

ಆದರೆ ನನ್ನನ್ನು ಅತಿ ಹೆಚ್ಚು ಕಾಡಿದ ಶಬ್ದ ಅವಕಾಶ. ಮಲಯಾಳದಲ್ಲಿ ಅವಕಾಶ ಎಂದರೆ ಹಕ್ಕು. ಕನ್ನಡದಲ್ಲಿ ಅವಕಾಶ ಎಂದರೆ ಯಾರೋ ಮಾಡಿಕೊಡುವ ಎಡೆ. "ಅವಕಾಶ ಕೊಟ್ಟರೆ ಮಾತಾಡುತ್ತೇನೆ" ಎನ್ನುತ್ತೇವಲ್ಲ, ಹಾಗೆ. ನಾಯಕರು ವೇದಿಕೆಯಲ್ಲಿ ನಮ್ಮ ಅವಕಾಶ ಎಂದಾಗಲೆಲ್ಲ ನಾನು ಹಕ್ಕು ಎಂದೇ ಅನುವಾದಿಸುತ್ತೇನೆ, ಅದೇ ಸರಿ. ಆದರೆ ಅವರ ಕನ್ನಡ ನೋಟೀಸುಗಳಲ್ಲಿ 'ನಿಮ್ಮ ಅವಕಾಶಗಳನ್ನು ಸಂರಕ್ಷಿಸಲಾಗುವುದು' ಎಂದೇ ಅಚ್ಚಾಗಿರುತ್ತದೆ. ನಾನು ಎರಡು ಮೂರು ಸಲ ಪ್ರೆಸ್ಸಿನವರೆಗೆ ಹೋಗಿ ಹೇಳಿದೆ. ಅಷ್ಟರಲ್ಲಿ ಸಾವಿರಗಟ್ಟಲೆ ಮುದ್ರಣವಾಗಿ ಕಟ್ಟು ಕಟ್ಟಿಯಾಗಿತ್ತು.

ಇಷ್ಟೆಲ್ಲ ಕನ್ನಡ ನೋಟೀಸು ಮೊದಲು ಇರಲಿಲ್ಲ. 2016ರಲ್ಲಿ ಮಂಜೇಶ್ವರದಲ್ಲಿ ಗೆದ್ದವರ ಅಂತರ 89 ಮತ. 2021ರಲ್ಲಿ 745. ಅಷ್ಟು ಕಡಿಮೆ ಮತದಲ್ಲಿ ಸೀಟು ಅಡ್ಡಗೋಡೆಯ ಮೇಲೆ ಕೂತ ಮೇಲೆ ಮೂರೂ ಕಡೆಯವರಿಗೆ ಒಂದು ಅಂಗಳದ ಹತ್ತು ಕನ್ನಡ ಓಟೂ ಕಾಣತೊಡಗಿತು. ನಾನು ಅದನ್ನು ತಪ್ಪು ಎನ್ನುವುದಿಲ್ಲ. ಕಾಣದೆ ಇರುವುದಕ್ಕಿಂತ ಕಾಣುವುದು ಒಳ್ಳೆಯದು.

ನನಗೆ ನೋವಾಗುವುದು ಬೇರೆ ಕಡೆ. ನಾನು ಬ್ಯಾರಿ, ಕರಾವಳಿಯ ಮುಸಲ್ಮಾನ. ಮನೆಯಲ್ಲಿ ಮಾತು ಬ್ಯಾರಿ, ಶಾಲೆ ಪೂರ್ತಿ ಕನ್ನಡ, ಪೇಟೆಯಲ್ಲಿ ತುಳು. ನೆರೆಮನೆಯ ಶೆಟ್ರದ್ದು ಮನೆಮಾತು ತುಳು, ಅವರಿಗೂ ಓದುಬರಹ ಕನ್ನಡ. ಅವರ ಪಕ್ಕದವರು ಹವ್ಯಕರು, ಗುಡ್ಡೆ ಇಳಿದರೆ ಕೊಂಕಣಿಯವರು, ಉಪ್ಪಳದ ಕಡೆ ಉರ್ದು ಮಾತಾಡುವವರು. ಇಲ್ಲಿ ಕನ್ನಡ ಬಹಳ ಜನರಿಗೆ ಅಡುಗೆಮನೆಯ ಭಾಷೆಯಲ್ಲ, ಶಾಲೆಯ, ಪತ್ರಿಕೆಯ, ಸಾಲಪತ್ರದ, ಮದುವೆ ಕಾಗದದ ಭಾಷೆ. ನಮ್ಮ ಉಮ್ಮ ನಾಲ್ಕನೇ ಕ್ಲಾಸು ಕಲಿತದ್ದು ಕನ್ನಡದಲ್ಲೇ. ಆದರೆ ಚುನಾವಣೆಗೆ ನೋಟೀಸು ಹಂಚುವ ಹುಡುಗರ ಕೈಯಲ್ಲಿ ಎರಡು ಕಟ್ಟು ಇರುತ್ತದೆ. ಗೇಟಿನ ಮೇಲಿನ ಹೆಸರು ನೋಡುತ್ತಾರೆ. ಶೆಟ್ರ ಮನೆಗೆ ಕನ್ನಡದ್ದು, ನಮ್ಮ ಮನೆಗೆ ಮಲಯಾಳದ್ದು. ಉಮ್ಮ ಇದ್ದಾಗ ಪ್ರತಿ ಸಲವೂ ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಚಿತ್ರ ಮಾತ್ರ ಕಂಡು, ಶೆಟ್ರ ಮನೆಗೆ ಹೋಗಿ ಅವರದ್ದನ್ನು ಓದಿ ಬರುತ್ತಿದ್ದರು. ಅವರು ಆ ಗೇಟು ದಾಟಿ ಹೋಗುತ್ತಿದ್ದದ್ದು ನೆನಪಾದರೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ವೇದಿಕೆಯಲ್ಲೂ ಹೀಗೆಯೇ. ತೆಂಕಣದಿಂದ ಬಂದ ನಾಯಕರು ನನ್ನ ಹೆಸರು ಕೇಳಿ, "ಮಾಷೇ, ನೀವು ನಮ್ಮವರೇ ಅಲ್ಲವಾ, ನಿಮಗೆ ಕನ್ನಡ ಹೇಗೆ ಬಂತು?" ಎಂದು ಮಲಯಾಳದಲ್ಲಿ ಕೇಳುತ್ತಾರೆ. ಗಡಿಯ ತಲಪಾಡಿ ಗೇಟು ದಾಟಿ ಪ್ರಚಾರಕ್ಕೆ ಬಂದ ಕರ್ನಾಟಕದ ನಾಯಕರೊಬ್ಬರು ಶಾಲು ಹೊದೆಸಿದ ಮೇಲೆ, "ಅರೆ, ಇಷ್ಟು ಚೆನ್ನಾಗಿ ಕನ್ನಡ ಎಲ್ಲಿ ಕಲಿತಿರಿ?" ಎಂದರು. ಇಬ್ಬರದ್ದೂ ಒಂದೇ ಪ್ರಶ್ನೆ. ಕನ್ನಡ ಒಂದು ಧರ್ಮದವರದ್ದು ಎಂದು ಇಬ್ಬರೂ ಮೊದಲೇ ಲೆಕ್ಕ ಹಾಕಿಕೊಂಡೇ ಬಂದಿದ್ದರು. 2021ರಲ್ಲಿ ನಮ್ಮ ಶಾಸಕ ಎ.ಕೆ.ಎಂ. ಅಶ್ರಫ್ ಕೇರಳ ವಿಧಾನಸಭೆಯಲ್ಲಿ ಕನ್ನಡದಲ್ಲಿ ಪ್ರಮಾಣವಚನ ತೆಗೆದುಕೊಂಡಾಗ ಹೊರಗಿನವರಿಗೆ ಅದೊಂದು ಸುದ್ದಿ. ಈ ಮಾತು ನಾನು ಪಕ್ಷ ನೋಡಿ ಬರೆಯುತ್ತಿಲ್ಲ. ನಮ್ಮ ಕಡೆಯ ಶಾಲೆಗಳ ಹಳೆಯ ಹಾಜರಿ ಪುಸ್ತಕ ತೆರೆದು ನೋಡಿದವರಿಗೆ ಅದರಲ್ಲಿ ಅಚ್ಚರಿಯೇನೂ ಕಾಣುವುದಿಲ್ಲ.

ಕರ್ನಾಟಕದವರ ಬಗ್ಗೆ ಇಷ್ಟು ಬರೆದರೆ ಸಾಕು. ಅವರು ಬಂದರೆ 'ಗಡಿನಾಡ ಕನ್ನಡಿಗರು' ಎನ್ನುತ್ತಾರೆ, 1967ರ ಮಹಾಜನ ವರದಿ ಚಂದ್ರಗಿರಿ ಹೊಳೆಯ ಬಡಗು ಭಾಗವನ್ನು ಕರ್ನಾಟಕಕ್ಕೆ ಸೇರಿಸಬೇಕೆಂದದ್ದನ್ನು ನೆನಪಿಸುತ್ತಾರೆ, ಆ ಸೇರ್ಪಡೆಗಾಗಿ ಹೋರಾಡಿದ ಕವಿ ಕಯ್ಯಾರ ಕಿಞ್ಞಣ್ಣ ರೈಗಳ ಹೆಸರು ಹೇಳುತ್ತಾರೆ. 2021ರ ಜೂನಿನಲ್ಲಿ ಊರ ಹೆಸರುಗಳನ್ನು ಮಲಯಾಳೀಕರಿಸುತ್ತಾರೆಂಬ ಸುದ್ದಿ ಎದ್ದಾಗ ಬೆಂಗಳೂರಿನಿಂದ ಪತ್ರಗಳ ಮೇಲೆ ಪತ್ರ ಹೋಯಿತು. ಅಂಥ ತೀರ್ಮಾನವೇ ಆಗಿಲ್ಲ ಎಂದು ಕೇರಳ ಸರಕಾರ ಹೇಳಿತು. ಆ ವಾರ ನನ್ನ ಫೋನು ಒಂದೇ ಸಮನೆ ರಿಂಗಾಗಿತ್ತು. ಮುಂದಿನ ವಾರ ಯಾರೂ ಮಾಡಲಿಲ್ಲ.

ನಮಗೆ ಬೇಕಾದದ್ದು ಸಣ್ಣದು. ಬಾಪನ ಕಾಲದ ಜಾಗದ ದಸ್ತಾವೇಜು ನನ್ನ ಹತ್ತಿರ ಉಂಟು. 1956ರ ನವಂಬರ್ 1ಕ್ಕೆ ಮೊದಲಿನದ್ದು, ನಾವಿನ್ನೂ ಮದ್ರಾಸಿನ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದಾಗ ಬರೆದದ್ದು. ಚಂದದ ಮೋಡಿ ಕನ್ನಡ, ಶಾಯಿ ಸ್ವಲ್ಪ ಕಂದಿದೆ. ತಮ್ಮನ ಪಾಲು ಮಾಡುವಾಗ ಅದನ್ನು ಒಂದು ಕಚೇರಿಗೆ ಒಯ್ದೆ. ಅಲ್ಲಿದ್ದವರು ವಿನಯದಿಂದಲೇ, "ಮಾಷೇ, ಇದು ಓದಲು ಇಲ್ಲಿ ಯಾರೂ ಇಲ್ಲ, ಮಲಯಾಳಕ್ಕೆ ತರ್ಜುಮೆ ಮಾಡಿಸಿ ತನ್ನಿ" ಎಂದರು. ಅದೇ ಬೆಂಚಿನಲ್ಲಿ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಮಲಯಾಳದ ಅರ್ಜಿ ನಮೂನೆ ಹಿಡಿದು ಕೂತಿದ್ದಳು. ತುಂಬಿಸಿ ಕೊಡಲು ಯಾರನ್ನೋ ಕಾಯುತ್ತಿದ್ದಳು. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯಲ್ಲೇ ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರು ತಮ್ಮ ಭಾಷೆಯಲ್ಲಿ ಸರಕಾರಕ್ಕೆ ಬರೆಯಬಹುದು, ಉತ್ತರವೂ ಆ ಭಾಷೆಯಲ್ಲೇ ಬರಬೇಕು ಎಂದಿದೆ. ಅವಳಿಗೆ ಹೇಳಿದೆ. "ಹೌದಾ ಸರ್?" ಎಂದಳು. ನಾನೇ ಕಲಿಸಿದ ಮಗು. ಕ್ಲಾಸಿನಲ್ಲಿ ಇದನ್ನು ಹೇಳಿಕೊಡಬೇಕಿತ್ತು ಎಂದು ಆ ದಿನದಿಂದ ಅನಿಸುತ್ತಲೇ ಇದೆ.

ಒಂದು ಕನ್ನಡ ಶಾಲೆಗೆ ಕನ್ನಡ ಬಾರದ ಗಣಿತದ ಟೀಚರ್ ಬಂದಾಗ ಪಾಲಕರು ನನ್ನನ್ನು ಕರೆದಿದ್ದರು. ಆ ಟೀಚರ್ ಒಳ್ಳೆಯ ಹುಡುಗಿ, ಅಳುವ ಸ್ಥಿತಿಯಲ್ಲಿದ್ದಳು. "ಪಿಎಸ್‌ಸಿಯವರು ಕಳಿಸಿದರು, ಬಂದೆ" ಎಂದಳು. ಮಕ್ಕಳು ಬೋರ್ಡಿನ ಅಂಕೆ ಮಾತ್ರ ನಕಲು ಮಾಡಿ ಸುಮ್ಮನೆ ಕೂತಿದ್ದವು. ಮಲಯಾಳ ಕಲಿಯಲು ನಮ್ಮ ಮಕ್ಕಳದ್ದೇನೂ ತಕರಾರಿಲ್ಲ, ಶಾಲೆಗಳಲ್ಲಿ ಮಲಯಾಳ ಕಡ್ಡಾಯ ಮಾಡಿದ 2017ರ ಕಾಯ್ದೆ ಬರುವ ಮೊದಲೂ ಬಸ್ಸಿನಲ್ಲಿ, ಅಂಗಡಿಯಲ್ಲಿ ಕಲಿತೇ ಇದ್ದರು. ಲೆಕ್ಕ ಮಾತ್ರ ಅರ್ಥವಾಗುವ ಭಾಷೆಯಲ್ಲಿ ಬೇಕು. ಆ ಮಕ್ಕಳ ಪರವಾಗಿ ನಾನು ಬರೆದ ಮನವಿಯನ್ನು ಮೂರು ಪಕ್ಷದವರೂ ಕೈಯಲ್ಲಿ ಹಿಡಿದು ಫೋಟೋ ತೆಗೆಸಿಕೊಂಡರು.

ಕಳೆದ ಪಂಚಾಯತು ಚುನಾವಣೆಯ ಸಮಯ ಹೊಳೆಯಾಚೆಯ ಒಬ್ಬ ಯುವ ನಾಯಕರು ಫೋನು ಮಾಡಿದರು. "ಮಾಷೇ, ಎರಡು ವಾಕ್ಯ ಕನ್ನಡ ಬೇಕು, ಮಲಯಾಳ ಲಿಪಿಯಲ್ಲಿ." ನಾನು ಬರೆದುಕೊಟ್ಟೆ. ಒಂದು, ನಮಸ್ಕಾರ. ಎರಡು, ನಿಮ್ಮನ್ನು ಕಂಡು ಸಂತೋಷವಾಯಿತು. ಕೈ ಅಲ್ಲಿಗೆ ನಿಲ್ಲಲಿಲ್ಲ, ಮೂರನೆಯದನ್ನೂ ಬರೆದೆ: "ನಿಮ್ಮ ವಿಲ್ಲೇಜ್ ಆಫೀಸಿನಲ್ಲಿ ಕನ್ನಡ ಓದಿ ಬರೆಯಲು ಬಲ್ಲ ಒಬ್ಬರು ಇರುವಂತೆ ಮಾಡುತ್ತೇನೆ."

ಕೂಟದ ಮನೆಯ ಜಗಲಿಯಲ್ಲಿ ಅವರು ಕಾಗದ ಬಿಡಿಸಿ ಮೆಲ್ಲಗೆ ಓದಿಕೊಂಡರು. ಮೂರನೆಯ ಸಾಲಿಗೆ ಬಂದು, "ಇದರ ಅರ್ಥ ಏನು?" ಎಂದರು. ಹೇಳಿದೆ. ಬಹಳ ಹೊತ್ತು ಮಾತಾಡಲಿಲ್ಲ. "ಇದು ನನ್ನ ಕೈಯಲ್ಲಿಲ್ಲ ಮಾಷೇ" ಎಂದರು. ಆಮೇಲೆ ಮೈಕಿನ ಎದುರು ನಿಂತವರು ಕಾಗದವನ್ನು ಕಿಸೆಗೆ ಹಾಕಿದರು. ನಮಸ್ಕಾರ ಎಂದದ್ದು ಬಿಟ್ಟರೆ ಒಂದು ಶಬ್ದವೂ ಕನ್ನಡ ಆಡಲಿಲ್ಲ. ಮಲಯಾಳದಲ್ಲೇ ಹೇಳಿದರು: "ಮಾಷ್ ನನಗೊಂದು ವಾಕ್ಯ ಬರೆದುಕೊಟ್ಟರು. ನಿಮ್ಮ ಕಚೇರಿಯಲ್ಲಿ ನಿಮ್ಮ ಭಾಷೆ ಬಲ್ಲವರು ಬೇಕು ಎಂದು. ಆ ಮಾತು ಕೊಡುವ ಶಕ್ತಿ ನನಗಿಲ್ಲ. ಪಾರ್ಟಿಯಲ್ಲಿ ಕೇಳುತ್ತೇನೆ." ನಾನು ಒಂದಕ್ಷರ ಬಿಡದೆ ಅದನ್ನು ಕನ್ನಡಕ್ಕೆ ತಂದೆ.

ಅಂಗಳ ಅಷ್ಟು ನಿಶ್ಶಬ್ದವಾದದ್ದನ್ನು ನಾನು ಯಾವ ಚುನಾವಣೆಯಲ್ಲೂ ಕಂಡಿಲ್ಲ. ಹಿಂದಿನ ಸಾಲಿನಲ್ಲಿ ಕೂತಿದ್ದ ಒಬ್ಬ ಅಕ್ಕ ಎದ್ದು ನಿಂತರು. ಸೆರಗು ಸರಿಮಾಡಿಕೊಂಡು ಕೇಳಿದರು, "ಯಾವಾಗ ಕೇಳ್ತಾರೆ, ಮಾಸ್ಟ್ರೇ? ಕೇಳಿದ ಮೇಲೆ ನಮಗೆ ಬಂದು ಹೇಳ್ತಾರಾ?"

ಇಷ್ಟು ವರ್ಷ ನಾನು ಮೈಕಿನ ಎದುರು ಮಲಯಾಳದಿಂದ ಕನ್ನಡಕ್ಕೆ ಮಾತ್ರ ಅನುವಾದ ಮಾಡಿದ್ದೆ. ಮೈಕನ್ನು ಅವರ ಕೈಯಿಂದ ತೆಗೆದುಕೊಂಡು, ನಾಯಕರ ಕಡೆ ತಿರುಗಿ, ಅಕ್ಕ ಕೇಳಿದ ಎರಡು ಪ್ರಶ್ನೆಗಳನ್ನೂ ಮಲಯಾಳದಲ್ಲಿ ಹೇಳಿದೆ.