ಒಂಟಿ ಎಚ್ ಹುಡುಕಿಸಿದ ಸರ್

ಕಾಸರಗೋಡಿನ ನಮ್ಮ ಕಾಲೇಜಿನಲ್ಲಿ ಗಣಿತದ ಸರ್ ಸೂತ್ರದಿಂದ ಪಾಠ ಶುರು ಮಾಡಿದ್ದು ನನಗೆ ನೆನಪಿಲ್ಲ. ಪ್ರಶ್ನೆಯಿಂದಲೇ ಶುರು. "ಬೆಂಡೆ, ಅಲಸಂಡೆ ಹಾಕ್ಲಿಕ್ಕೆ ನಾಲ್ಕು ಮೂಲೆಯ ಜಾಗ ಬೇಕು. ಬೇಲಿಗೆ 20 ಮೀಟರ್ ಬಲೆ ಉಂಟು. ಜಾಸ್ತಿ ಜಾಗ ಸಿಗುವುದು ಹೇಗೆ?" ಕನ್ನಡದಲ್ಲಿ ಕೇಳಿ, ಮತ್ತೆ ಮಲಯಾಳದಲ್ಲೂ ಕೇಳುತ್ತಿದ್ದರು.

ಐದಕ್ಕೆ ಐದು ಅಂತ ಎಲ್ಲರೂ ಹೇಳಿದೆವು. ಯಾಕೆ ಅಂದಾಗ ಕ್ಲಾಸು ಸುಮ್ಮನಾಯಿತು.

ಸರ್ ಹೈಸ್ಕೂಲಿನ ಬೀಜಗಣಿತವನ್ನೇ ಎತ್ತಿಕೊಂಡರು. ಅಳತೆಯನ್ನು ಎಚ್‌ನಷ್ಟು ಅಲುಗಿಸಿದರೆ ಒಂದು ಬದಿ 5+ಎಚ್, ಇನ್ನೊಂದು 5−ಎಚ್. ಗುಣಿಸಿದರೆ 25−ಎಚ್². ಆಮೇಲೆ 7 ಮತ್ತು 3 ತೆಗೆದುಕೊಂಡರು. ಈಗ 21−4ಎಚ್−ಎಚ್². ಆ 4ಎಚ್ ಸುತ್ತ ಕೆಂಪು ಚಾಕಿನಲ್ಲಿ ಒಂದು ವೃತ್ತ. "ಒಂಟಿ ಎಚ್ ಉಳಿದಿದ್ರೆ ಇನ್ನೂ ಒಳ್ಳೆಯದು ಎಲ್ಲೋ ಉಂಟು. ಒಂಟಿ ಎಚ್ ಹೋಗಿ ವರ್ಗ ಮಾತ್ರ ಉಳಿದ್ರೆ, ನೀವು ತುದಿ ಮುಟ್ಟಿದ್ದೀರಿ."

ಗೂಟ ನೆಡುವವರಿಗೂ ಇದು ಬೇಕಾದ ಮಾತೇ. 5×5ರಲ್ಲಿ ಅಳತೆ 10 ಸೆಂಟಿಮೀಟರ್ ತಪ್ಪಿದರೆ ಹೋಗುವುದು 0.01 ಚದರ ಮೀಟರ್, ಬರೀ ಅಂಗೈಯಗಲ. 7×3ನ್ನು 7.1×2.9 ಮಾಡಿದರೆ 0.41 ಹೋಗುತ್ತದೆ. ಒಳ್ಳೆಯ ಅಳತೆ ಸಣ್ಣ ತಪ್ಪನ್ನು ಸಹಿಸಿಕೊಳ್ಳುತ್ತದೆ. ಇದು ನನಗೆ ಆವತ್ತೂ ಅದ್ಭುತ, ಇವತ್ತೂ ಅದ್ಭುತ.

"ಮೂಲೆಯೇ ಬೇಡ ಅಂದ್ರೆ?" ಅಂತ ಮುಂದಿನ ಪ್ರಶ್ನೆ. ಆಗ ವೃತ್ತ ಗೆಲ್ಲುತ್ತದೆ, ಸುಮಾರು 31.8 ಚದರ ಮೀಟರ್. ಈಗ ಹುಡುಕುವುದು ಸಂಖ್ಯೆಯನ್ನಲ್ಲ, ಗೆರೆಯನ್ನೇ. ಕ್ಯಾಲ್ಕುಲಸ್ ಆಫ್ ವೇರಿಯೇಷನ್ಸ್ ಅಂದರೆ ಇದೇ.

1696ರಲ್ಲಿ ಗಣಿತಜ್ಞ ಯೋಹಾನ್ ಬರ್ನೂಲಿ ಕೇಳಿದ ಪ್ರಶ್ನೆಯೂ ಇಂಥದ್ದೇ. ಮೇಲಿನ ಬಿಂದುವಿನಿಂದ ಓರೆಯಾಗಿ ಕೆಳಗಿರುವ ಬಿಂದುವಿಗೆ ಮಣಿ ಬೇಗ ಜಾರಬೇಕಾದರೆ ದಾರಿ ಹೇಗಿರಬೇಕು? ನ್ಯೂಟನ್, ಲೈಬ್ನಿಟ್ಸ್ ಇಬ್ಬರೂ ಬಿಡಿಸಿದರು. ಸರ್ ಅದನ್ನು ಕಣ್ಣೆದುರೇ ತೋರಿಸಿದರು. ಡಬ್ಬದ ಮುಚ್ಚಳದ ಅಂಚಿಗೆ ಚಾಕ್ ಕಟ್ಟಿ, ಸ್ಕೇಲಿನ ಕೆಳಬದಿಗೆ ತಾಗಿಸಿ ಉರುಳಿಸಿದರು. ಬೋರ್ಡಿನಲ್ಲಿ ಸೈಕ್ಲಾಯ್ಡ್ ಎಂಬ ಬಾಗಿದ ಗೆರೆ ಮೂಡಿತು. ಉತ್ತರ ಅದೇ. ಅದೇ ಆಕಾರವನ್ನು ಹಲಗೆಯ ಮೇಲೆ ದೊಡ್ಡದು ಮಾಡಿ, ತೋಟಕ್ಕೆ ನೀರು ಬಿಡುವ ಕಪ್ಪು ಪೈಪನ್ನು ಸೀಳಿ ಅದರ ಮೇಲೆ ಬಡಿದರು. ಪಕ್ಕದಲ್ಲಿ ನೇರವಾದ ಇನ್ನೊಂದು ತುಂಡು. ಎರಡರಲ್ಲೂ ಒಟ್ಟಿಗೆ ಗೋಲಿ ಬಿಟ್ಟರೆ, ಉದ್ದದ ದಾರಿಯ ಗೋಲಿಯೇ ಮೊದಲು ತಲುಪಿತು! ಶುರುವಿನಲ್ಲೇ ಕಡಿದಾಗಿ ಇಳಿದು ವೇಗ ಹಿಡಿಯುತ್ತದೆ, ಅಲ್ವಾ? ಆ ವೇಗ ಉಳಿದ ದಾರಿಗೆಲ್ಲ ಸಿಗುತ್ತದೆ.

1755ರಲ್ಲಿ 19ರ ಹುಡುಗ ಲಗ್ರಾಂಜ್ ಇಂಥ ಪ್ರಶ್ನೆಗಳಿಗೆಲ್ಲ ಒಗ್ಗುವ ದಾರಿಯೊಂದನ್ನು ಗಣಿತಜ್ಞ ಆಯ್ಲರ್‌ಗೆ ಪತ್ರದಲ್ಲಿ ಬರೆದ. ಗೆರೆಯನ್ನೇ ಸ್ವಲ್ಪ ಅಲುಗಿಸಿ ನೋಡುವುದು. ಆಯ್ಲರ್ ತನ್ನ ಹಳೆಯ ದಾರಿ ಬಿಟ್ಟು ಅದನ್ನೇ ಹಿಡಿದ, ಈ ಶಾಖೆಗೆ ಹೆಸರಿಟ್ಟವನೂ ಅವನೇ. ಆ ದೊಡ್ಡ ಮನಸ್ಸಿನ ಬಗ್ಗೆ ಹೇಳುವಾಗ ಸರ್ ಧ್ವನಿ ತುಂಬಿ ಬರುತ್ತಿತ್ತು.

ಎಂ.ಎಸ್ಸಿ.ಯಲ್ಲಿ ಇಂಥ ಗೆರೆ ಹುಡುಕುವ ಆಯ್ಲರ್-ಲಗ್ರಾಂಜ್ ಸಮೀಕರಣ ಬಂದಾಗ ನಾನು ಬಾಯಿಪಾಠ ಮಾಡಲಿಲ್ಲ. ಅಲುಗಿಸಿದ ಅಳತೆಯ ಮೊದಲ ಘಾತದ ಪದ, ಅಂದರೆ ಸರ್ ಹೇಳಿದ ಒಂಟಿ ಎಚ್, ಎಲ್ಲಿದೆ ಅಂತ ಹುಡುಕಿದೆ. ಅದನ್ನು ಸೊನ್ನೆ ಮಾಡಿದರೆ ಸಮೀಕರಣ ತಾನಾಗಿ ಬರುತ್ತದೆ. ಈಗ ನನ್ನ ವಿದ್ಯಾರ್ಥಿಗಳಿಗೂ ಮೊದಲು 7×3ರ ಬೇಲಿಯನ್ನೇ ಕೊಡುತ್ತೇನೆ.