ಮೂವತ್ತೆರಡು ಕ್ಲಬ್, ಐದು ಸಾಲು: ಕನ್ನಡ ಟ್ರಂಪ್ ಕಾರ್ಡ್ ಕೆಲಸ ಎಲ್ಲಿಗೆ ಬಂತು

2025ರ ಏಪ್ರಿಲ್ 20

ಅಕ್ಕನ ಮಕ್ಕಳಿಬ್ಬರು ಸೂಟಿಗೆ ಕಲಬುರಗಿಗೆ ಬಂದಿದ್ದಾರೆ. ಹುಡುಗ ಏಳನೇ ಮುಗಿಸಿದ್ದಾನೆ, ಹುಡುಗಿ ಐದನೇ. ಬೆಳಿಗ್ಗೆ ಐದೂವರೆಗೆಲ್ಲ ಪಕ್ಕದ ಮನೆಯ ಹುಡುಗನನ್ನೂ ಎಬ್ಬಿಸಿಕೊಂಡು ಎನ್.ವಿ. ಗ್ರೌಂಡಿಗೆ ಹೋಗುತ್ತಾರೆ. ಎಂಟಕ್ಕೆ ಚೆಂಡು ಎತ್ತಿಕೊಂಡು ಮನೆಗೆ ಬರಲೇಬೇಕು, ಆಮೇಲಿನ ಬಿಸಿಲಿನಲ್ಲಿ ಆಡುವ ಮಾತೇ ಇಲ್ಲ. ಸಂಜೆವರೆಗಿನ ಆ ಹೊತ್ತಿಗೆ ಅವರ ಕೈಗೆ ಮೊಬೈಲು ಬಿಟ್ಟು ಬೇರೇನಾದರೂ ಕೊಡಬೇಕು ಅನ್ನುವುದೇ ಈ ಕೆಲಸದ ಮೂಲ.

ನಾನು ಡಿಟಿಪಿಯವನು. ಲಗ್ನಪತ್ರಿಕೆ, ಹ್ಯಾಂಡ್‌ಬಿಲ್, ಬಿಲ್ ಬುಕ್ ದಿನದ ಕೆಲಸ. ಫುಟ್‌ಬಾಲ್ ಕ್ಲಬ್‌ಗಳ ಟ್ರಂಪ್ ಕಾರ್ಡ್ ಕಟ್ಟನ್ನು ಪೂರಾ ಕನ್ನಡದಲ್ಲಿ ಮಾಡುವುದು ಅಂತ ನಿರ್ಧಾರವಾಯಿತು. 12×18 ಹಾಳೆಯಲ್ಲಿ ಎರಡೂವರೆ ಇಂಚು ಅಗಲ, ಮೂರೂವರೆ ಇಂಚು ಉದ್ದದ ಕಾರ್ಡು ಅಂಚು ಬಿಟ್ಟು ಹದಿನೆಂಟು ಕೂಡುತ್ತವೆ. ಎರಡು ಹಾಳೆಗೆ ಮೂವತ್ತಾರು. ಮೂವತ್ತೆರಡು ಕ್ಲಬ್, ನಾಲ್ಕು ಕಾರ್ಡಿನಲ್ಲಿ ಆಟದ ನಿಯಮ. ಕ್ಲಬ್‌ಗಳ ಲೋಗೊ ಹಾಕುವುದಿಲ್ಲ, ಅವು ಅವರ ಸ್ವತ್ತು. ಪ್ರತಿ ಕಾರ್ಡಿನ ಮೇಲೂ ಆ ಕ್ಲಬ್ಬಿನ ಬಣ್ಣದ ಅಂಗಿಯನ್ನು ನಾನೇ ಬಿಡಿಸುತ್ತಿದ್ದೇನೆ. ಇವತ್ತಿಗೆ ಒಂಬತ್ತು ಅಂಗಿ ಮುಗಿದಿವೆ.

ಕಾರ್ಡುಗಳ ಒಂದೇ ಸಾಲಿನ ಅಂಕಿಗಳನ್ನು ಎದುರುಬದುರು ಇಟ್ಟು, ಮೇಲಾದದ್ದು ಗೆಲ್ಲುವ ಆಟ ಇದು. ಸಾಲುಗಳು ಸದ್ಯಕ್ಕೆ ನಾಲ್ಕು: ಗೆದ್ದ ಲೀಗ್, ಖಂಡದ ದೊಡ್ಡ ಕಪ್, ಹುಟ್ಟಿದ ವರ್ಷ, ಮೈದಾನದ ಆಸನ. ಇಷ್ಟಿದ್ದರೆ ದೊಡ್ಡ ಕ್ಲಬ್ ಯಾವುದೆಂದು ತಾನಾಗಿ ಗೊತ್ತಾಗುತ್ತದೆ ಅಂತ ನನ್ನ ಲೆಕ್ಕ.

ಮೇ 4

ಮೊದಲ ಕಟ್ಟನ್ನು ಸಾದಾ ಹಾಳೆಯಲ್ಲಿ ತೆಗೆದು ಮೂವರಿಗೂ ಹಂಚಿದೆ. ಹತ್ತು ನಿಮಿಷ ಆಗಿರಲಿಲ್ಲ, ಜಗಳ ಶುರುವಾಯಿತು.

"ಮಾಮಾ, ಇದ್ಯಾಕ ಹಿಂಗ? ಸೆಲ್ಟಿಕ್ ಅಂದ್ರ ರಿಯಲ್ ಮ್ಯಾಡ್ರಿಡ್‌ಕಿಂತ ದೊಡ್ಡದೇನ್?"

ಅಳಿಯನ, ಅಂದರೆ ಅಕ್ಕನ ಮಗನ, ಪ್ರಶ್ನೆ ಸರಿಯಾಗಿಯೇ ಇದೆ. ಸೆಲ್ಟಿಕ್ ಹೋದ ವಾರವಷ್ಟೇ 55ನೇ ಸಲ ಸ್ಕಾಟ್ಲೆಂಡಿನ ಲೀಗ್ ಗೆದ್ದಿತು. ರೇಂಜರ್ಸ್ ಗೆದ್ದದ್ದೂ 55. ರಿಯಲ್ ಮ್ಯಾಡ್ರಿಡ್ ಸ್ಪೇನಿನಲ್ಲಿ ಗೆದ್ದದ್ದು 36. ಗ್ಲಾಸ್ಗೋದ ಎರಡೇ ಕ್ಲಬ್ಬು ಹಂಚಿಕೊಳ್ಳುವ ಲೀಗಿನ ಅಂಕಿಯನ್ನು ಸ್ಪೇನಿನ ಅಂಕಿಯ ಎದುರು ಇಟ್ಟರೆ ಆಗುವುದೇ ಹೀಗೆ.

ಎರಡನೇ ಸಾಲಿನಲ್ಲಿ ಮ್ಯಾಡ್ರಿಡ್‌ನ 15 ಯುರೋಪಿಯನ್ ಕಪ್‌ಗೆ (ಈಗಿನ ಚಾಂಪಿಯನ್ಸ್ ಲೀಗ್) ಎದುರಿಲ್ಲ. ಆದರೆ ಕೆಳಗೆ ಬಂದಂತೆ ಅದೂ ತೊಡಕು. ಇಂಗ್ಲೆಂಡಿನ ನಾಟಿಂಗ್‌ಹ್ಯಾಂ ಫಾರೆಸ್ಟ್ 1979, 1980 ಎರಡೂ ವರ್ಷ ಯುರೋಪ್ ಗೆದ್ದಿದೆ. ಸ್ವಂತ ದೇಶದ ಲೀಗ್ ಗೆದ್ದದ್ದು 1978ರಲ್ಲಿ ಒಂದೇ ಸಲ. ಆರ್ಸೆನಲ್‌ಗೆ ಯುರೋಪಿಯನ್ ಕಪ್ ಒಂದೂ ಇಲ್ಲ. ಹಾಗಂತ ಫಾರೆಸ್ಟ್ ಆರ್ಸೆನಲ್‌ಗಿಂತ ದೊಡ್ಡದು ಅಂತ ಲಂಡನ್ನಿನಲ್ಲಿ ಹೇಳಿದರೆ ಯಾರು ಒಪ್ಪುತ್ತಾರೆ?

ಆಸನದ ಸಾಲು ಯುವೆಂಟಸ್‌ಗೆ ಅನ್ಯಾಯ ಮಾಡಿತು. 36 ಸಲ ಇಟಲಿ ಗೆದ್ದ ಕ್ಲಬ್ಬು 2011ರಲ್ಲಿ ಬೇಕೆಂದೇ ಸಣ್ಣ ಮೈದಾನ ಕಟ್ಟಿಕೊಂಡಿತು, ಸುಮಾರು 41,500 ಆಸನ. ಇಂಗ್ಲೆಂಡಿನ ನ್ಯೂಕಾಸಲ್‌ನದು 52,000 ದಾಟುತ್ತದೆ. ಅದೇ ನ್ಯೂಕಾಸಲ್ 1955ರ ಎಫ್‌ಎ ಕಪ್ ಆದಮೇಲೆ ದೇಶದೊಳಗಿನ ಮುಂದಿನ ಕಪ್ ಎತ್ತಿದ್ದು ಈ ಮಾರ್ಚ್‌ನಲ್ಲಿ, ಎಪ್ಪತ್ತು ವರ್ಷಕ್ಕೆ.

ಹುಟ್ಟಿದ ವರ್ಷದ ಸಾಲು ಮಾತ್ರ ಮಕ್ಕಳಿಗೆ ಬಹಳ ಹಿಡಿಸಿತು. ಮೋಹನ್ ಬಾಗಾನ್ 1889. ಲಿವರ್‌ಪೂಲ್ 1892, ಬಾರ್ಸಿಲೋನಾ 1899, ಬಯರ್ನ್ 1900, ರಿಯಲ್ ಮ್ಯಾಡ್ರಿಡ್ 1902. ನಮ್ಮ ಕೋಲ್ಕತ್ತದ ಕಾರ್ಡು ನಾಲ್ಕನ್ನೂ ಹೊಡೆದು ಹಾಕಿದಾಗ ಹುಡುಗಿ ಮಂಚದ ಮೇಲೆ ಎದ್ದು ಕುಣಿದಳು. 1911ರ ಜುಲೈ 29ರಂದು ಇದೇ ತಂಡ ಬ್ರಿಟಿಷರ ಈಸ್ಟ್ ಯಾರ್ಕ್‌ಷೈರ್ ರೆಜಿಮೆಂಟನ್ನು 2-1ರಿಂದ ಸೋಲಿಸಿ ಐಎಫ್‌ಎ ಶೀಲ್ಡ್ ಎತ್ತಿದ್ದು, ಹೆಚ್ಚಿನವರು ಬರಿಗಾಲಲ್ಲೇ ಆಡಿದ್ದು, ಎಲ್ಲ ಹೇಳಿದೆ. ಕಾರ್ಡಿನ ಹಿಂಬದಿಗೆ ಇಂಥದೊಂದು ಸಾಲು ಬೇಕೇ ಬೇಕು ಅಂತ ಆಗಲೇ ಗೊತ್ತಾಯಿತು. ಅಂದರೆ ಹಿಂಬದಿಯನ್ನು ಹೊಸದಾಗಿ ಕೂಡಿಸಬೇಕು.

ಮೇ 11

ಮೂರು ದಿನ ಡಿಸೈನ್ ಮಾಡುವ ಕೋರೆಲ್ ತಂತ್ರಾಂಶ ಮುಟ್ಟಲಿಲ್ಲ, ಓದುವುದೇ ಆಯಿತು. ಐದನೇ ಸಾಲು ಸಿಕ್ಕಿದೆ.

ದಾರಿ ತೋರಿಸಿದ್ದು ಜರ್ಮನಿಯ ಶಾಲ್ಕೆ. ಊರು ಗೆಲ್ಸೆನ್‌ಕಿರ್ಶೆನ್, ಕಲ್ಲಿದ್ದಲಿನ ಊರು. ಜನಸಂಖ್ಯೆ ಎರಡೂವರೆ ಲಕ್ಷದ ಮೇಲೆ ಸ್ವಲ್ಪ, ನಮ್ಮ ಕಲಬುರಗಿಯ ಅರ್ಧ. ಗಣಿಗಳು ಮುಚ್ಚಿಹೋದವು. ಕ್ಲಬ್ಬು ಕೊನೆಯ ಸಲ ಜರ್ಮನ್ ಚಾಂಪಿಯನ್ ಆದದ್ದು 1958ರಲ್ಲಿ. ಲೀಗಿನ ತಳದಲ್ಲಿ ಉಳಿದವರನ್ನು ಕೆಳಗಿನ ದರ್ಜೆಗೆ ಇಳಿಸುತ್ತಾರೆ, ಇತ್ತೀಚೆಗೆ ಶಾಲ್ಕೆ ಹಾಗೆ ಎರಡನೇ ದರ್ಜೆಗೂ ಬಿತ್ತು. ಆ ಎರಡನೇ ದರ್ಜೆಯಲ್ಲಿ, 2023-24ರಲ್ಲಿ, ತಂಡ ಇನ್ನೂ ಕೆಳಗೆ ಬೀಳುವ ಭಯದಲ್ಲಿದ್ದಾಗ, ಪ್ರತಿ ಪಂದ್ಯಕ್ಕೆ ಸರಾಸರಿ 61,000ಕ್ಕೂ ಹೆಚ್ಚು ಜನ ಬಂದರು. ಅವರ ಮೈದಾನದಲ್ಲಿ ಆಟಗಾರರು ಹೊರಬರುವ ದಾರಿಯನ್ನು ಗಣಿಯ ಸುರಂಗದ ಹಾಗೆ ಮಾಡಿದ್ದಾರೆ. ಶಹಾಬಾದ್, ವಾಡಿಯ ಕಡೆ ಬೆಳೆದವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಕಾರ್ಖಾನೆಯ ಸೈರನ್ನಿಗೆ ಇಡೀ ಊರು ಏಳುತ್ತಿದ್ದ ಕಡೆ, ಆ ಸೈರನ್ ನಿಂತ ಮೇಲೆ ಊರನ್ನು ಹಿಡಿದಿಡುವುದಕ್ಕೆ ಏನಾದರೊಂದು ಬೇಕು.

ಹಾಗಾಗಿ ಐದನೇ ಸಾಲು: 'ಬಿದ್ದ ವರ್ಷ ಬಂದ ಜನ'. ಕ್ಲಬ್ಬು ಕೆಳಗಿನ ದರ್ಜೆಯಲ್ಲಿ ಆಡಿದಾಗ ಸ್ವಂತ ಮೈದಾನಕ್ಕೆ ಬಂದ ಸರಾಸರಿ ಜನ. ಗೆಲ್ಲುವಾಗ ಯಾರಾದರೂ ಬಂದಾರು. ಸೋಲು ಖಾತ್ರಿ ಇರುವ ಮಂಗಳವಾರ ರಾತ್ರಿ ದುಡ್ಡು ಕೊಟ್ಟು ಒಳಗೆ ಕೂಡುವವರ ಲೆಕ್ಕವೇ ಕ್ಲಬ್ಬಿನ ಗಾತ್ರ. ನನಗೆ ಈಗ ಇದರಲ್ಲಿ ಸಂಶಯ ಉಳಿದಿಲ್ಲ.

ಅಂಕಿ ಹುಡುಕುತ್ತ ಹೋದಂತೆ ಎದೆ ತುಂಬಿ ಬಂತು. ಮ್ಯಾಂಚೆಸ್ಟರ್ ಯುನೈಟೆಡ್ 1974ರಲ್ಲಿ ಎರಡನೇ ದರ್ಜೆಗೆ ಬಿತ್ತು. ಮರುವರ್ಷ ಸರಾಸರಿ 48,000 ಮೀರಿತು, ಮೇಲಿನ ದರ್ಜೆಯ ಯಾವ ಕ್ಲಬ್ಬಿಗೂ ಆ ವರ್ಷ ಅಷ್ಟು ಜನ ಬರಲಿಲ್ಲ. ರೇಂಜರ್ಸ್ ಹಣಕಾಸು ಕುಸಿದು 2012ರಲ್ಲಿ ನೇರ ನಾಲ್ಕನೇ ದರ್ಜೆಗೆ ಹೋಯಿತು. ಅಲ್ಲಿ ಸರಾಸರಿ ಸುಮಾರು 45,000. ಸಂಡರ್‌ಲ್ಯಾಂಡ್ 2018-19ರಲ್ಲಿ ಮೂರನೇ ದರ್ಜೆಯಲ್ಲಿದ್ದಾಗ ಸುಮಾರು 32,000. ಕ್ರಿಸ್‌ಮಸ್‌ನ ಮರುದಿನ ಬ್ರಾಡ್‌ಫರ್ಡ್ ವಿರುದ್ಧ 46,039. ಫಾರೆಸ್ಟ್ ಮೂರನೇ ದರ್ಜೆಯಲ್ಲಿ ಸುಮಾರು 20,000.

ನನ್ನ ಒಂದು ತಪ್ಪು ಕಲ್ಪನೆಯೂ ಇಲ್ಲೇ ಮುರಿಯಿತು. ಮ್ಯಾಂಚೆಸ್ಟರ್ ಸಿಟಿ ಬರೀ ದುಡ್ಡಿನ ಕ್ಲಬ್ಬು ಅಂತ ಅಳಿಯನ ಜೊತೆ ಎರಡು ವರ್ಷದಿಂದ ವಾದ ಮಾಡುತ್ತ ಬಂದಿದ್ದೆ. 1998-99ರಲ್ಲಿ ಸಿಟಿ ಮೂರನೇ ದರ್ಜೆಯಲ್ಲಿತ್ತು, ಅಬುಧಾಬಿಯ ದುಡ್ಡು ಬರಲು ಇನ್ನೂ ಹತ್ತು ವರ್ಷ ಇತ್ತು. ಆ ವರ್ಷ ಮೇನ್ ರೋಡ್ ಮೈದಾನಕ್ಕೆ ಸರಾಸರಿ 28,000 ಜನ ಬಂದರು. ಕೊನೆಯ ಪಂದ್ಯದಲ್ಲಿ ಜಿಲ್ಲಿಂಗ್‌ಹ್ಯಾಂ ಎದುರು ತೊಂಬತ್ತನೇ ನಿಮಿಷದ ಹೊತ್ತಿಗೆ ಎರಡು ಗೋಲು ಹಿಂದಿದ್ದು, ಉಳಿದ ನಿಮಿಷಗಳಲ್ಲಿ ಸಮ ಮಾಡಿ, ಪೆನಾಲ್ಟಿಯಲ್ಲಿ ಗೆದ್ದು ಮೇಲೆ ಬಂದರು. ಕಾರ್ಡು ಅಳಿಯನ ಕೈಗೆ ಕೊಟ್ಟು "ನೀ ಹೇಳಿದ್ದೇ ಖರೆ" ಅಂದೆ. ಅವನು ಅದನ್ನು ಅವರವ್ವನಿಗೆ ಫೋನ್ ಮಾಡಿ ಹೇಳಿದ.

ಒಂದು ತೊಡಕು ಉಳಿಯಿತು. ಎಂದೂ ಬೀಳದವರು ಏನು ಮಾಡಬೇಕು? ರಿಯಲ್ ಮ್ಯಾಡ್ರಿಡ್, ಬಾರ್ಸಿಲೋನಾ, ಬರೀ ಬಾಸ್ಕ್ ನಾಡಿನ ಆಟಗಾರರನ್ನೇ ಇಟ್ಟುಕೊಂಡು ಆಡುವ ಅಥ್ಲೆಟಿಕ್ ಬಿಲ್ಬಾವ್, ಈ ಮೂವರೂ ಸ್ಪೇನಿನ ಮೊದಲ ದರ್ಜೆ ಬಿಟ್ಟು ಇಳಿದಿಲ್ಲ. ಹುಡುಗಿ ಹೇಳಿದಳು: "ಅವ್ರು ಇನ್ನಾ ಪರೀಕ್ಷಾನೇ ಬರ್ದಿಲ್ಲ ಮಾಮಾ, ಗೆರಿ ಹಾಕಿ ಬಿಡ್ರಿ." ಗೆರೆ ಎಳೆದೆ. ಗೆರೆ ಇರುವ ಕಾರ್ಡು ಆ ಸಾಲಿನಲ್ಲಿ ಯಾವ ಅಂಕಿಗಾದರೂ ಸೋಲುತ್ತದೆ. ಬಿಲ್ಬಾವ್ ವಿಷಯದಲ್ಲಿ ಇದು ಕಟುವಾಯಿತು ಅನ್ನಿಸುತ್ತದೆ, ಆದರೂ ನಿಯಮ ನಿಯಮವೇ.

ಕೇರಳ ಬ್ಲಾಸ್ಟರ್ಸ್‌ಗೂ ಗೆರೆಯೇ, ನಮ್ಮ ದೇಶದ ಲೀಗ್ ಐಎಸ್‌ಎಲ್‌ನಿಂದ ಯಾರೂ ಇಳಿದಿಲ್ಲವಲ್ಲ. 2014, 2016, 2022 ಮೂರು ಫೈನಲ್ ಸೋತು, ಒಂದೂ ಕಪ್ ಇಲ್ಲದೆ ಕೊಚ್ಚಿಯನ್ನು ಹಳದಿ ಮಾಡುವ ಜನ ಅವರು. ಅವರ ಕಾರ್ಡಿನ ಹಿಂಬದಿಗೆ ಅದನ್ನೇ ಬರೆದೆ.

ಮೇ 18

ಸಂಜೆ ಕಟ್ಟೆಯ ಮೇಲೆ ಮಕ್ಕಳು ಆಡುತ್ತಿದ್ದಾಗ ಎದುರು ಮನೆಯ ಮುತ್ಯಾ ಬಂದು ಕೂತರು. ಎಂಬತ್ತು ದಾಟಿದೆ. ಕಾರ್ಡುಗಳನ್ನು ಒಂದೊಂದಾಗಿ ಕಣ್ಣಿನ ಹತ್ತಿರ ಹಿಡಿದು ನೋಡಿದರು.

"ತಮ್ಮಾ, ನಮ್ಮ ಪೊಲೀಸರ ಟೀಮ್ ಹಾಕಿಲ್ಲೇನಪಾ ಇದ್ರಾಗ?"

"ಯಾವ ಪೊಲೀಸ್ರು ಮುತ್ಯಾ?"

"ಹೈದರಾಬಾದ್ ಪೊಲೀಸ್."

ಮುತ್ಯಾನ ಅಣ್ಣ ಹೈದರಾಬಾದಿನಲ್ಲಿ ಓದುತ್ತಿದ್ದರಂತೆ. ಸೂಟಿಗೆ ಊರಿಗೆ ಬಂದಾಗಲೆಲ್ಲ ಅಂಗಳದಲ್ಲಿ ಚಿಂದಿಯ ಚೆಂಡು ಕಟ್ಟಿ ಆ ತಂಡದವರು ಪಾಸ್ ಕೊಡುವುದನ್ನು ತೋರಿಸುತ್ತಿದ್ದರಂತೆ. ಮುತ್ಯಾ ಒಂದು ಪಂದ್ಯವನ್ನೂ ಕಣ್ಣಾರೆ ಕಂಡವರಲ್ಲ.

ನನಗೆ ನಾಚಿಕೆಯಾಯಿತು. ಜರ್ಮನಿಯ ಗಣಿ ಊರಿನವರೆಗೆ ಹೋಗಿ ಬಂದವನಿಗೆ ಇದು ಹೊಳೆದಿರಲಿಲ್ಲ. ಹೈದರಾಬಾದ್ ಸಿಟಿ ಪೊಲೀಸ್ 1950ರಿಂದ 1954ರವರೆಗೆ ಸತತ ಐದು ವರ್ಷ ಬಾಂಬೆಯ ರೋವರ್ಸ್ ಕಪ್ ಗೆದ್ದ ತಂಡ. ಕಲಿಸಿದವರು ಸೈಯದ್ ಅಬ್ದುಲ್ ರಹೀಂ, ಮೇಷ್ಟ್ರಾಗಿದ್ದವರು. ಭಾರತ ತಂಡವನ್ನೂ ಅವರೇ ಕಟ್ಟಿದರು: 1951 ಮತ್ತು 1962ರ ಏಷ್ಯನ್ ಗೇಮ್ಸ್ ಚಿನ್ನ, 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನ. ಆಗ ಗುಲ್ಬರ್ಗಾ ಹೈದರಾಬಾದ್ ರಾಜ್ಯದಲ್ಲೇ ಇತ್ತು. ನಾವು ಮೈಸೂರು ರಾಜ್ಯಕ್ಕೆ ಬಂದದ್ದು 1956ರ ನವೆಂಬರ್ 1ಕ್ಕೆ. ಸರಿಯಾಗಿ ಒಂದು ತಿಂಗಳಿಗೆ, ಡಿಸೆಂಬರ್ 1ರಂದು, ರಹೀಂ ಅವರ ತಂಡ ಮೆಲ್ಬರ್ನ್‌ನಲ್ಲಿ ಆಸ್ಟ್ರೇಲಿಯಾವನ್ನು 4-2ರಿಂದ ಸೋಲಿಸಿತು. ನೆವಿಲ್ ಡಿಸೋಜಾ ಮೂರು ಗೋಲು ಹೊಡೆದ ಪಂದ್ಯ ಅದು.

ನನ್ನ ಅಳತೆಗೋಲಿಗೆ ಸಿಗದ ತಂಡ ಇದು. ಇಲಾಖೆಯ ತಂಡ, ಸದಸ್ಯರಿಲ್ಲ, ಸ್ವಂತ ಮೈದಾನವಿಲ್ಲ. ಗೆಲುವು ನಿಂತ ಮೇಲೆ ಜನ ಬಂದು ನಿಲ್ಲಬೇಕೆಂದರೆ ಯಾವ ಗೇಟಿನ ಮುಂದೆ ನಿಲ್ಲಬೇಕು? ಕೋಲ್ಕತ್ತದ ಮೋಹನ್ ಬಾಗಾನ್, ಈಸ್ಟ್ ಬೆಂಗಾಲ್ ಉಳಿದದ್ದು ಅವು ಜನರ ಕ್ಲಬ್ಬಾಗಿದ್ದರಿಂದ. 1997ರ ಫೆಡರೇಷನ್ ಕಪ್ ಸೆಮಿಫೈನಲ್‌ಗೆ ಅಲ್ಲಿನ ಸಾಲ್ಟ್ ಲೇಕ್ ಮೈದಾನದಲ್ಲಿ 1,31,000 ಜನ ಸೇರಿದ್ದು ಈ ಇಬ್ಬರಿಗಾಗಿ. ಹೈದರಾಬಾದಿನ ಆಟ ಅವರಷ್ಟೇ ದೊಡ್ಡದಿತ್ತು, ಅದನ್ನು ಹಿಡಿದಿಡುವ ಪಾತ್ರೆ ಇರಲಿಲ್ಲ. ಆದರೂ ಎಪ್ಪತ್ತು ವರ್ಷದ ಮೇಲೆ ಕಟ್ಟೆಯ ಮೇಲೆ ಕೂತು 'ನಮ್ಮ' ಅನ್ನುವವರು ಒಬ್ಬರಿದ್ದಾರೆ.

ನಿಯಮದ ನಾಲ್ಕು ಕಾರ್ಡನ್ನು ಮೂರಕ್ಕೆ ಇಳಿಸಿದೆ. ಮೂವತ್ಮೂರನೇ ಕಾರ್ಡು ಹೈದರಾಬಾದ್ ಸಿಟಿ ಪೊಲೀಸ್. ಮೂವತ್ಮೂರನ್ನು ಮೂವರಿಗೆ ಹಂಚಿದರೆ ತಲೆಗೆ ಹನ್ನೊಂದು, ಆಟಕ್ಕೂ ಅದೇ ಸರಿಹೋಯಿತು. ಆಗ ದೇಶದ ಲೀಗ್ ಇರಲಿಲ್ಲ, ಅದು ಶುರುವಾದದ್ದು 1996ರಲ್ಲಿ. ಹಾಗಾಗಿ ಮೊದಲ ಸಾಲಿಗೆ ರೋವರ್ಸ್ ಕಪ್‌ನ ಆ 5 ಹಾಕಿದೆ. ಐದನೇ ಸಾಲಿಗೆ ಗೆರೆ. ಗೊತ್ತಿಲ್ಲದ ಅಂಕಿಯನ್ನು ಪ್ರೀತಿಯಿಂದ ಬರೆದರೂ ಸುಳ್ಳೇ.

ಜೂನ್ 1

ಹಾಳೆ ಇವತ್ತು ಪ್ರಿಂಟಿಗೆ ಹೋಗಬೇಕಿತ್ತು. ಯುನಿಕೋಡ್‌ನಲ್ಲಿ ಬರೆದದ್ದನ್ನು ನುಡಿ ಫಾಂಟಿಗೆ ಬದಲಿಸಿ ಕೋರೆಲ್‌ಗೆ ತಂದಾಗ ಒತ್ತಕ್ಷರಗಳು ಚದುರಿ, ಶುಕ್ರವಾರ, ಶನಿವಾರ ಎರಡೂ ದಿನ ತಿದ್ದುವುದರಲ್ಲೇ ಹೋದವು. ನಿನ್ನೆ ರಾತ್ರಿ ಎಲ್ಲ ಮುಗಿಸಿ ಹನ್ನೆರಡೂವರೆಗೆ ಚಾಂಪಿಯನ್ಸ್ ಲೀಗ್ ಫೈನಲ್ ನೋಡಲು ಕೂತೆ. ಪ್ಯಾರಿಸ್ ಸೇಂಟ್ ಜರ್ಮೇನ್ ಇಂಟರ್ ಮಿಲಾನನ್ನು 5-0ಯಿಂದ ಸೋಲಿಸಿತು. ಅವರಿಗೆ ಮೊದಲ ಯುರೋಪಿಯನ್ ಕಪ್. ಮೂರು ಗಂಟೆಗೆ ಮತ್ತೆ ಕಂಪ್ಯೂಟರ್ ಹಾಕಿ 0 ಇದ್ದದ್ದನ್ನು 1 ಮಾಡಿದೆ.

1970ರಲ್ಲಿ ಹುಟ್ಟಿ, 2011ರಿಂದ ಕತಾರಿನ ದುಡ್ಡಿನಲ್ಲಿ ಬೆಳೆದ ಕ್ಲಬ್ಬು ಅದು. ಈಗ ದೊಡ್ಡದಾಯಿತೇ? ಆಡಿದ ಆಟವಂತೂ ದೊಡ್ಡದು. ಉಳಿದದ್ದನ್ನು ಅವರು ಒಂದು ಸಲ ಬಿದ್ದಾಗ ಕೇಳಬೇಕು. ಶಾಲೆ ಶುರುವಾಗಿ ಮಕ್ಕಳು ಊರಿಗೆ ಹೋಗಿದ್ದಾರೆ, ಇಲ್ಲದಿದ್ದರೆ ಅಳಿಯ ಬೆಳಗ್ಗೆಯೇ ನನ್ನ ಜೊತೆ ವಾದ ಮಾಡುತ್ತಿದ್ದ.

ಈಗಿನ ಸ್ಥಿತಿ ಇಷ್ಟು: 300 ಜಿಎಸ್‌ಎಂ ಆರ್ಟ್ ಕಾರ್ಡ್, ಎರಡೂ ಬದಿ ಮ್ಯಾಟ್ ಲ್ಯಾಮಿನೇಷನ್, ಸದ್ಯ ಹತ್ತು ಕಟ್ಟು. ಊರಿನ ಸೂಪರ್ ಮಾರ್ಕೆಟ್ ಪ್ರದೇಶದ ಪ್ರೆಸ್ಸಿನಲ್ಲಿ ನಾಳೆ ಹತ್ತಕ್ಕೆ ಹಾಳೆ ಹಾಕುತ್ತಾರೆ, ಮೂಲೆ ಗುಂಡಗೆ ಕತ್ತರಿಸುವುದು ನನ್ನ ಪಾಲಿನ ಕೆಲಸ. ಮೂರು ಕಟ್ಟು ಮಕ್ಕಳಿಗೆ, ಒಂದು ಗ್ರೌಂಡಿನ ಹುಡುಗರಿಗೆ. ಮುತ್ಯಾನಿಗೆ ಕಣ್ಣು ಮಂದ, ಅವರ ಪೊಲೀಸ್ ಕಾರ್ಡನ್ನು ಎ4 ಅಳತೆಗೆ ದೊಡ್ಡದು ಮಾಡಿ ಬೇರೆ ಫೈಲ್ ಇಟ್ಟಿದ್ದೇನೆ.