ಸದನದ ಮಾತಿನ ಬೆನ್ನು ಹತ್ತಿದ ವರ್ಷ

ಅಂತಿಮ ಬಿ.ಎ. ತರಗತಿಯಲ್ಲಿ ರಾಜ್ಯಶಾಸ್ತ್ರದ ಮೇಡಂ ನಮಗೊಂದು ಕೆಲಸ ಹಚ್ಚಿದ್ದರು. ಪರಿಸರ ಅಥವಾ ಸಾರಿಗೆಯ ಮಸೂದೆಗಳ ಮೇಲೆ ಒಬ್ಬ ಸಂಸದರು ಸದನದಲ್ಲಿ ಆಡಿದ ಮಾತುಗಳನ್ನು ಓದಿ, ಆ ಮಾತುಗಳಿಗೆ ಮುಂದೇನಾಯಿತು ಎಂದು ಬರೆಯಬೇಕು. 2016ರಲ್ಲಿ ಕರ್ನಾಟಕದಿಂದ ರಾಜ್ಯಸಭೆಗೆ ಆಯ್ಕೆಯಾದ ಜೈರಾಮ್ ರಮೇಶ್ ಅವರನ್ನು ನಾನು ಆರಿಸಿಕೊಂಡೆ.

ಎಷ್ಟು ಚರ್ಚೆಗಳಲ್ಲಿ ಭಾಗವಹಿಸಿದರು ಎಂಬ ಎಣಿಕೆಗೆ ಮೇಡಂ ಬೆಲೆ ಕೊಡುತ್ತಿರಲಿಲ್ಲ. ಅದು ಸರಿಯೇ. ಸಚಿವರು ಸದನದಲ್ಲಿ ಸರ್ಕಾರದ ಪರವಾಗಿ ಮಾತನಾಡುವುದರಿಂದ ಅಂಥ ಪಟ್ಟಿಗಳು ಅವರನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. 2010ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಕಾಯ್ದೆಗೆ ಸಂಸತ್ತಿನ ಒಪ್ಪಿಗೆ ದೊರೆತಾಗ ಪರಿಸರ ಖಾತೆಯ ಸಚಿವರಾಗಿದ್ದವರು ಇದೇ ರಮೇಶ್; ಅಂಥ ಎಣಿಕೆಯಲ್ಲಿ ಆ ಕೆಲಸ ಕಾಣುವುದೇ ಇಲ್ಲ.

ನನ್ನನ್ನು ಹಿಡಿದು ನಿಲ್ಲಿಸಿದ್ದು 2016ರ ಜುಲೈ ತಿಂಗಳ ಚರ್ಚೆ. ಅರಣ್ಯ ಭೂಮಿಯನ್ನು ಬೇರೆ ಕೆಲಸಕ್ಕೆ ಪಡೆದವರು ಕಟ್ಟಿದ ಸುಮಾರು 42 ಸಾವಿರ ಕೋಟಿ ರೂಪಾಯಿ ಬಳಕೆಯಾಗದೆ ಕೂತಿತ್ತು. ಕಳೆದುಹೋದ ಕಾಡಿಗೆ ಬದಲಾಗಿ ಗಿಡ ನೆಡಲು ಅದರಲ್ಲಿ ಶೇ 90ರಷ್ಟನ್ನು ರಾಜ್ಯಗಳಿಗೆ ಕೊಡುವ ಪರಿಹಾರಾತ್ಮಕ ಅರಣ್ಯೀಕರಣ ನಿಧಿ ಮಸೂದೆ ಅಂದು ರಾಜ್ಯಸಭೆಯ ಮುಂದಿತ್ತು. ಕಾಡಿನೊಳಗೆ ಬದುಕುವವರನ್ನು ಕೇಳದೆ ಅಲ್ಲಿ ಗಿಡ ನೆಟ್ಟರೆ 2006ರ ಅರಣ್ಯ ಹಕ್ಕು ಕಾಯ್ದೆಗೆ ಏನು ಅರ್ಥ? ಗ್ರಾಮಸಭೆಯ ಒಪ್ಪಿಗೆಗಾಗಿ ರಮೇಶ್ ತಿದ್ದುಪಡಿ ತಂದರು. ಆಗಷ್ಟೇ ಪರಿಸರ ಖಾತೆ ವಹಿಸಿಕೊಂಡಿದ್ದ ಅನಿಲ್ ಮಾಧವ್ ದವೆ, ನಿಯಮಗಳಲ್ಲಿ ಈ ಕಾಳಜಿಗೆ ಜಾಗ ಕೊಡುವ ಭರವಸೆ ನೀಡಿದರು. ಅದನ್ನು ನಂಬಿ ರಮೇಶ್ ತಿದ್ದುಪಡಿಯನ್ನು ಹಿಂಪಡೆದರು. ಮಸೂದೆ ಅಂಗೀಕಾರವಾಯಿತು.

ನಾವು ಇದನ್ನು ಓದುತ್ತಿದ್ದ ವರ್ಷವೇ, 2018ರ ಆಗಸ್ಟ್‌ನಲ್ಲಿ, ನಿಯಮಗಳು ಹೊರಬಿದ್ದವು. ಗ್ರಾಮಸಭೆ ಅಥವಾ ಗ್ರಾಮ ಅರಣ್ಯ ಸಮಿತಿಯೊಂದಿಗೆ ಸಮಾಲೋಚನೆ ಎಂದು ಅವುಗಳಲ್ಲಿತ್ತು. ಕೇಳಿದ್ದು ಒಪ್ಪಿಗೆ, ಸಿಕ್ಕಿದ್ದು ಸಮಾಲೋಚನೆ. ಅದೂ 'ಅಥವಾ' ಸೇರಿಸಿ! ಮೇಡಂ ಭಾಷಣ ಮತ್ತು ನಿಯಮ ಎರಡನ್ನೂ ಅಕ್ಕಪಕ್ಕ ಇಟ್ಟು ತರಗತಿಯಲ್ಲಿ ಗಟ್ಟಿಯಾಗಿ ಓದಿಸಿದರು. ನನಗೆ ಸಿಟ್ಟು ಬಂದಿತ್ತು, ಈಗಲೂ ಬರುತ್ತದೆ. ಸಚಿವರು ಕೊಟ್ಟ ಮಾತಿನ ಮೇಲೆ ಕಣ್ಣಿಡಲು ಎರಡೂ ಸದನಗಳಲ್ಲಿ ಸರ್ಕಾರಿ ಭರವಸೆಗಳ ಸಮಿತಿ ಇದೆ ಎಂಬುದು ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಾದದ್ದೇ ಅಂದು.

ಸಾರಿಗೆಯನ್ನು ಆರಿಸಿಕೊಂಡ ಗೆಳತಿಯ ಪಾಡು ಬೇರೆ. ಅವಳ ಮೋಟಾರು ವಾಹನ ತಿದ್ದುಪಡಿ ಮಸೂದೆ 2017ರಲ್ಲಿ ಲೋಕಸಭೆ ದಾಟಿ ರಾಜ್ಯಸಭೆಯಲ್ಲಿ ನಿಂತುಬಿಟ್ಟಿತ್ತು. 2019ರಲ್ಲಿ ಲೋಕಸಭೆ ವಿಸರ್ಜನೆಯಾದಾಗ ಬಿದ್ದೇ ಹೋಯಿತು. ಅದೇ ವರ್ಷ ಹೊಸ ಮಸೂದೆ ಕಾಯ್ದೆಯಾಯಿತು ನಿಜ, ಆದರೆ ಅಪಘಾತದಲ್ಲಿ ಗಾಯಗೊಂಡವರಿಗೆ ನೆರವಾಗುವವರಿಗೆ ರಕ್ಷಣೆ ಕೊಡುವ ಕಲಮು ಅಷ್ಟು ಕಾಲ ಕಾಯಬೇಕಾಯಿತು.

ನಮ್ಮ ಕಾಲೇಜಿನಲ್ಲಿ ಈ ಅಭ್ಯಾಸ ಈಗ ನಿಂತಿದೆ ಎಂದು ಕೇಳಿ ಬೇಸರವಾಯಿತು. ದಯವಿಟ್ಟು ಮತ್ತೆ ಆರಂಭಿಸಿ. 2023ರ ಅರಣ್ಯ ಸಂರಕ್ಷಣಾ ತಿದ್ದುಪಡಿಯಿಂದಲೇ ತೊಡಗಬಹುದು: ಆ ಮಸೂದೆ ಪರಿಸರದ ವಿಷಯಗಳನ್ನು ನೋಡುವ, ಅಂದು ರಮೇಶ್ ಅಧ್ಯಕ್ಷರಾಗಿದ್ದ ಸ್ಥಾಯಿ ಸಮಿತಿಗೆ ಬಾರದೆ ಜಂಟಿ ಸಮಿತಿಗೆ ಹೋದದ್ದನ್ನು ಅವರು ಆಕ್ಷೇಪಿಸಿದ್ದರು.